ಅಪ್‌ಡೇಟ್: ಕುದುರೆಮುಖದ ಹತ್ತಿರ ಟೆಂಟ್ ಹಾಕಿ ಬಂದೆವು

ಕುದುರೆಮುಖದ ಹತ್ತಿರ ಮಕ್ಕಳ ಜೊತೆ ಟೆಂಟ್ ಹಾಕೋಕೆ ಒಳ್ಳೆ ಜಾಗ ಯಾವುದು ಅಂತ ಹೋದ ತಿಂಗಳು ಕೇಳಿದ್ದೆ. ರಾಷ್ಟ್ರೀಯ ಉದ್ಯಾನದ ಒಳಗೆ ನಮ್ಮಿಷ್ಟಕ್ಕೆ ಟೆಂಟ್ ಹಾಕೋ ಹಾಗಿಲ್ಲ, ಹತ್ತಿರದ ಸಂಸೆ ಊರಿನ ಕಡೆ ಹೋಂಸ್ಟೇ ಅಂಗಳದಲ್ಲಿ ಕೇಳಿ ನೋಡಿ ಅಂದಿದ್ದಿರಿ. ಹಾಗೇ ಮಾಡಿದೆವು.

ಮನೆಯವರು ಅಡಿಕೆ ಒಣಗಿಸೋ ಅಂಗಳ ತೋರಿಸಿದರು. ನಾನು ಜಾಣ, ತೋಟದ ಅಂಚಿನಲ್ಲಿ ನೋಟ ಚೆನ್ನಾಗಿದೆ ಅಂತ ಅಲ್ಲೇ ಹಾಕಿದೆ. ನೋಡೋಕೆ ಸಮ ಇದ್ದ ನೆಲ ರಾತ್ರಿ ಮಲಗಿದ ಮೇಲೆ ಇಳಿಜಾರು ಅಂತ ಗೊತ್ತಾಯ್ತು. ಬೆಳಗಿನ ಜಾವ ನಾಲ್ಕೂ ಜನ ಒಂದೇ ಮೂಲೆಯಲ್ಲಿ ಗುಡ್ಡೆ! ನಮ್ಮ ಉಸಿರಿನ ತೇವವೇ ಟೆಂಟ್ ಒಳಗೆ ನೀರಾಗಿ ಮೇಲಿಂದ ತೊಟ್ಟಿಕ್ಕುತ್ತಿತ್ತು. ಗಾಳಿ ಆಡಲಿ ಅಂತ ಜಿಪ್ ಸ್ವಲ್ಪ ತೆರೆದಿಡಬೇಕಿತ್ತು, ಚಳಿಗೆ ಹೆದರಿ ಪೂರ್ತಿ ಮುಚ್ಚಿದ್ದೆ. ಎರಡನೇ ರಾತ್ರಿ ತೆಪ್ಪಗೆ ಅಂಗಳಕ್ಕೆ ಬಂದೆವು.

ಮಗಳ ಕಾಲಿಗೆ ಇಂಬಳ (ಜಿಗಣೆ) ಹತ್ತಿದಾಗ ಆ ಮನೆಯ ಅಜ್ಜಿ ಎಲೆ-ಅಡಿಕೆ ಡಬ್ಬಿಯಿಂದ ಒಂಚೂರು ಸುಣ್ಣ ಹಚ್ಚಿದರು. ಇಂಬಳ ತಾನೇ ಬಿದ್ದುಹೋಯ್ತು. ನಾನು ತಂದಿದ್ದ ದುಬಾರಿ ಸ್ಪ್ರೇ ಸುಮ್ನೆ ಬ್ಯಾಗಲ್ಲೇ ಇತ್ತು.

ಕುದುರೆಮುಖದ 1,894 ಮೀಟರ್ ಎತ್ತರದ ಶಿಖರಕ್ಕೆ ಈ ಸಲ ಹೋಗಲಿಲ್ಲ. ಚಾರಣಕ್ಕೆ ಅರಣ್ಯ ಇಲಾಖೆ ಅನುಮತಿ ಮೊದಲೇ ಬೇಕು, ನಾವು ತಡಮಾಡಿದ್ದೆವು. ಮಕ್ಕಳಿಗೆ ಅದರ ಬೇಜಾರೇನೂ ಇಲ್ಲ. ಅವರಿಗೆ ಹಳ್ಳದಲ್ಲಿ ಏಡಿ ಸಿಕ್ಕಿತ್ತು.