ಆಕ್ಟೇವಿಯಾ ಆರ್‌ಎಸ್ 245: ಹಿಂದಿನಿಂದ ಗುಂಯ್ ಶಬ್ದ, ಮುಂದಿನ ಟೈರ್ ಉಬ್ಬಿದೆ. ಯಾವ ಟೈರ್ ಹಾಕಿಸಲಿ?

ಶಿರಾಡಿ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 2020ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟೈರ್ ಸೈಜ್ 225/40 ಆರ್18, ಅಂದರೆ ಅಗಲ 225 ಮಿಮೀ, ಪಕ್ಕದ ಎತ್ತರ ಅದರ ಶೇಕಡಾ 40, ರಿಮ್ 18 ಇಂಚು. ಓಡಾಟ ಹೆಚ್ಚಾಗಿ ಬೆಂಗಳೂರಲ್ಲೇ, ಆಗಾಗ ಶಿರಾಡಿ ಇಳಿದು ಪುತ್ತೂರಿಗೆ ಹೋಗುತ್ತೇನೆ.

ತೊಂದರೆ ಇಷ್ಟು. ಗುಂಡಿಗೆ ಬಿದ್ದು ಮುಂದಿನ ಎಡ ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಅದು ಬಿಟ್ಟರೆ 60 ದಾಟಿದ ಮೇಲೆ ಹಿಂದಿನಿಂದ ಗುಂಯ್ ಅಂತ ಶಬ್ದ. ಗ್ಯಾರೇಜಿನವರು ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗೋಕೆ ಇರುವ ಭಾಗ) ಹೋಗಿದೆ, ಎರಡೂ ಕಡೆ ಬದಲಿಸಿ ಅಂದರು. ಮಳೆಯಲ್ಲಿ ನೀರು ನಿಂತ ಕಡೆ ಸ್ಟೇರಿಂಗ್ ಹಗುರ ಆಗುತ್ತೆ, ಅದು ನಿಜಕ್ಕೂ ಭಯ. ಟೈರ್ ಅಂಗಡಿಯವರು ಬೇರೆ "225/45 ಹಾಕ್ಸಿ ಸರ್, ಗಾಡಿ ಸ್ವಲ್ಪ ಎತ್ತರ ಆಗುತ್ತೆ, ಗುಂಡಿಗೂ ಒಳ್ಳೇದು" ಅಂತಿದ್ದಾರೆ. ಯಾವ ಟೈರ್, ಯಾವ ಸೈಜ್? ಬೇರಿಂಗ್ ಮೊದಲು ಮಾಡಿಸಲಾ?

ಬೋಲ್ಟು ನಟ್ಟು:
ಬೇರಿಂಗಿಗೆ ಈಗಲೇ ದುಡ್ಡು ಕೊಡಬೇಡಿ ಗುರು. ಮೊದಲು ಹಳೇ ಟೈರನ್ನು ಸರಿಯಾಗಿ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತೆ. ಸೈಡ್‌ವಾಲ್ ಮೇಲೆ, ಅಂದರೆ ಟೈರಿನ ಪಕ್ಕದಲ್ಲಿ, ಡಾಟ್ ಅಂತ ಬರೆದಿರುವ ಕಡೆ ಕೊನೆಯ ನಾಲ್ಕು ಅಂಕಿ ಏನಿದೆ? ಹಿಂದಿನ ಟೈರಿನ ಒಳ ಅಂಚನ್ನು ಅಂಗೈಯಿಂದ ಸವರಿ, ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ. ಎರಡೂ ಕಡೆ ಒಂದೇ ಥರ ಇದೆಯಾ, ಇಲ್ಲ ಒಂದು ಕಡೆ ಕೈಗೆ ಕಚ್ಚುತ್ತಾ? ಖಾಲಿ ರಸ್ತೆಯಲ್ಲಿ 70ರಲ್ಲಿ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಸ್ವಲ್ಪ ಓಲಾಡಿಸಿದಾಗ ಶಬ್ದ ಹೆಚ್ಚು ಕಡಿಮೆ ಆಗುತ್ತಾ? ಶಿರಾಡಿಯ ಕಾಂಕ್ರೀಟ್ ರಸ್ತೆಗೂ ಕೆಳಗಿನ ಡಾಂಬರಿಗೂ ಶಬ್ದದಲ್ಲಿ ವ್ಯತ್ಯಾಸ ಇದೆಯಾ?

ಶಿರಾಡಿ ಸವಾರ:
ನೋಡಿದೆ. ನಾಲ್ಕಕ್ಕೂ 0820 ಅಂತಿದೆ. ಹಿಂದಿನ ಟೈರುಗಳ ಹೊರಗಡೆ ಗ್ರಿಪ್ ಚೆನ್ನಾಗಿದೆ, ಆದರೆ ಒಳ ಅಂಚು ಸವೆತದ ಗುರುತಿನ ಮಟ್ಟಕ್ಕೇ ಬಂದುಬಿಟ್ಟಿದೆ. ಅದು ಜಾಕ್ ಮೇಲೆ ಎತ್ತಿದಾಗಲೇ ಕಂಡಿದ್ದು, ನಿಂತು ನೋಡಿದರೆ ಗೊತ್ತೇ ಆಗಲ್ಲ. ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗುತ್ತೆ. ಓಲಾಡಿಸಿದರೆ ಶಬ್ದ ಬದಲಾಗಲ್ಲ. ಕಾಂಕ್ರೀಟ್ ಮೇಲೆ ಜಾಸ್ತಿ, ಹೊಸ ಡಾಂಬರಲ್ಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ.

ಬೋಲ್ಟು ನಟ್ಟು:
ಹಾಗಾದರೆ ಅದು ಟೈರಿನ ಶಬ್ದ. ಬೇರಿಂಗ್ ಹೋಗಿದ್ದರೆ ಸಾಮಾನ್ಯವಾಗಿ ಒಂದು ಕಡೆಗೆ ತಿರುಗಿಸಿದಾಗ, ಅಂದರೆ ಆ ಚಕ್ರದ ಮೇಲೆ ಭಾರ ಬಿದ್ದಾಗ ಶಬ್ದ ಏರುತ್ತೆ. ರಸ್ತೆ ಯಾವುದಾದರೂ ಅದಕ್ಕೆ ಸಂಬಂಧ ಇಲ್ಲ. ನಿಮ್ಮದು ರಸ್ತೆ ಬದಲಾದ ಹಾಗೆ ಬದಲಾಗುತ್ತಿದೆ.

ಗರಗಸದ ಹಾಗೆ ಸವೆಯೋದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸರಿ ಇಲ್ಲದಾಗ. ಈ ಗಾಡಿಗೆ ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನು ಹಲವು ತೋಳುಗಳು ಹಿಡಿದಿರುವ ಥರ), ಅಲ್ಲಿ ಟೋ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ಎರಡನ್ನೂ ಸರಿ ಮಾಡಬಹುದು. ಆದರೆ ಎಷ್ಟೋ ಅಂಗಡಿಯಲ್ಲಿ ಅಲೈನ್‌ಮೆಂಟ್ ಅಂದರೆ ಮುಂದಿನ ಟೋ ಒಂದನ್ನು ತಿರುಗಿಸಿ, ಸ್ಟೇರಿಂಗ್ ನೇರ ಮಾಡಿ ಕಳಿಸೋದು ಅಷ್ಟೇ. ಹಿಂದಿನ ಬೋಲ್ಟ್ ತುಕ್ಕು ಹಿಡಿದಿದೆ ಅಂತ ಮುಟ್ಟೋದೇ ಇಲ್ಲ. ಹೊಸ ಟೈರ್ ಹಾಕಿದ ದಿನವೇ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ಆಮೇಲಿನ ಅಂಕಿಗಳ ಪ್ರಿಂಟ್ ಕೈಗೆ ತಗೊಳ್ಳಿ. ಹಿಂದಿನ ಎರಡು ಚಕ್ರದ ಅಂಕಿ ಹಸಿರು, ಅಂದರೆ ಮಿತಿಯೊಳಗೆ, ಬರದೆ ಅಲ್ಲಿಂದ ಗಾಡಿ ಹೊರಡಿಸಬೇಡಿ. ಇದನ್ನು ಮಾಡದೆ ಎಂಥ ದುಬಾರಿ ಟೈರ್ ಹಾಕಿದರೂ ಇದೇ ಕಥೆ ಮತ್ತೆ ಶುರು.

ಉಬ್ಬಿದ ಟೈರಲ್ಲಿ ಮಾತ್ರ ಶಿರಾಡಿ ಇಳಿಯಲೇಬೇಡಿ. ಒಳಗಿನ ದಾರ ಕಡಿದಿರುತ್ತೆ, ಹೊರಗೆ ಬರೀ ರಬ್ಬರ್ ಗಾಳಿಯನ್ನು ಹಿಡಿದಿಟ್ಟಿರುತ್ತೆ. ಅದಕ್ಕೆ ರಿಪೇರಿ ಇಲ್ಲ. 0820 ಅಂದರೆ 2020ರ ಎಂಟನೇ ವಾರದ್ದು, ಹಾಗಾಗಿ ಉಳಿದ ಮೂರರ ಮೇಲೂ ಆಸೆ ಬಿಡಿ. ನೀರಲ್ಲಿ ಸ್ಟೇರಿಂಗ್ ಹಗುರ ಆಗೋದೂ ಟೈರ್ ಸವೆದಿದ್ದರಿಂದಲೇ ಇರಬೇಕು. ಗ್ರಿಪ್ ಆಳಕ್ಕೆ ಕಾನೂನಿನ ಮಿತಿ 1.6 ಮಿಮೀ ಇರಬಹುದು, ಆದರೆ 3 ಮಿಮೀಗೆ ಬಂದಾಗಲೇ ಅಗಲದ ಟೈರ್ ನೀರನ್ನು ಹೊರಹಾಕೋಕೆ ಒದ್ದಾಡುತ್ತೆ. ಮುಂದಿನವನ್ನೂ ಅಳೆದು ನೋಡಿ.

ಹಾಸನದ ಹದಿನೆಂಟಿಂಚು:
225/45 ಅಷ್ಟೊಂದು ಕೆಟ್ಟದೇನಲ್ಲ. ನಮ್ಮ ಕಡೆ ಒಬ್ಬರು ಹಾಕಿದ್ದಾರೆ, ಹಂಪ್ ಮೇಲೆ ತಳ ತಾಗೋದು ಕಡಿಮೆ ಆಗಿದೆ. ನಮ್ಮ ರಸ್ತೆಗೆ 40 ಪ್ರೊಫೈಲ್ ಅನ್ನೋದೇ ತಮಾಷೆ ಅಲ್ವಾ?

ಬೋಲ್ಟು ನಟ್ಟು:
ತಮಾಷೆಯೇ, ಒಪ್ಪಿದೆ. ಆದರೂ ಲೆಕ್ಕ ಹಾಕಿ. 225ರ ಶೇಕಡಾ 40 ಅಂದರೆ ಸೈಡ್‌ವಾಲ್ 90 ಮಿಮೀ. ರಿಮ್ 457 ಮಿಮೀ ಸೇರಿಸಿ ಒಟ್ಟು ವ್ಯಾಸ ಸುಮಾರು 637. 45 ಹಾಕಿದರೆ ಸೈಡ್‌ವಾಲ್ 101, ವ್ಯಾಸ 660ರ ಹತ್ತಿರ. ಶೇಕಡಾ 3.5 ಜಾಸ್ತಿ. ಗಾಡಿ ಎತ್ತರ ಆಗೋದು ಅದರ ಅರ್ಧ, ಹನ್ನೊಂದು ಮಿಮೀ ಮಾತ್ರ. ಅಷ್ಟಕ್ಕೆ ಗೇರಿಂಗ್ ಉದ್ದ ಆಗುತ್ತೆ, ಪಿಕಪ್ ಸ್ವಲ್ಪ ಮಂದ, ಫುಲ್ ಲೋಡಲ್ಲಿ ಪೂರ್ತಿ ತಿರುಗಿಸಿದಾಗ ಚಕ್ರದ ಮೇಲಿನ ಒಳ ಹೊದಿಕೆಗೆ (ಲೈನರ್) ಉಜ್ಜುವ ಸಾಧ್ಯತೆಯೂ ಇದೆ. 245 ಪಿಎಸ್ ಗಾಡಿ ತಗೊಂಡು ಯಾಕೆ ಸುಮ್ನೆ?

ಗುಂಡಿಯೇ ನಿಮ್ಮ ದೊಡ್ಡ ಚಿಂತೆ ಅಂದರೆ ಸರಿಯಾದ ದಾರಿ 17 ಇಂಚಿನ ರಿಮ್‌ಗೆ 225/45. ವ್ಯಾಸ 634, ಮೊದಲಿನಷ್ಟೇ ಅಂದುಕೊಳ್ಳಿ. ಸೈಡ್‌ವಾಲ್ ಮಾತ್ರ 101 ಸಿಗುತ್ತೆ. ರಿಮ್ 5x112 ಪಿಸಿಡಿ (112 ಮಿಮೀ ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್), ನಡುವಿನ ತೂತು 57.1 ಮಿಮೀ ಇರಬೇಕು. ಆದರೆ ಮುಂದಿನ ಬ್ರೇಕ್ ಕ್ಯಾಲಿಪರಿಗೆ (ಡಿಸ್ಕ್ ಹಿಡಿಯುವ ಭಾಗ) ತಾಗದೆ ಕೂರುತ್ತಾ ಅಂತ ಗಾಡಿಗೆ ಹಾಕಿಯೇ ನೋಡಬೇಕು. ಇಂಟರ್ನೆಟ್ಟಲ್ಲಿ ಯಾರೋ ಕೂರುತ್ತೆ ಅಂದರು ಅಂತ ದುಡ್ಡು ಕೊಡಬೇಡಿ.

ಕುಡ್ಲದ ಗಾಡಿ:
ಮಾರಾಯ್ರೆ, ನಮ್ಮ ಊರಿನ ಮಳೆಗೆ ಬರುವವರು ಒಣ ರಸ್ತೆ ಗ್ರಿಪ್ ಬಿಟ್ಟು ಒದ್ದೆ ರಸ್ತೆ ಗ್ರಿಪ್ ಮೊದಲು ನೋಡಿ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಅಥವಾ 5, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್, ಇಂಥವು ಸಿಕ್ಕರೆ ಬೇರೆ ಯೋಚನೆ ಬೇಡ. ಪೈಲಟ್ ಸ್ಪೋರ್ಟ್ 4ಎಸ್ ಅಂತ ಇನ್ನೊಂದು ಇದೆ, ಹೆಸರು ಒಂದೇ ಥರ ಅಂತ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಅದು ಇನ್ನೂ ಸ್ಪೋರ್ಟಿ, ದಿನಾ ಟ್ರಾಫಿಕಲ್ಲಿ ಓಡಿಸುವವರಿಗೆ ಅದರ ಅಗತ್ಯ ಇಲ್ಲ. ಬಜೆಟ್ ಕಡಿಮೆ ಅಂದರೆ ವ್ರೆಡೆಸ್ಟೈನ್ ನೋಡಬಹುದು, ಈಗ ಅಪೊಲೊದವರ ಕೈಲಿರುವ ಬ್ರ್ಯಾಂಡ್. ಶಬ್ದವೇ ಇರಬಾರದು ಅನ್ನುವವರು ಟೂರಿಂಗ್ ಟೈರ್ (ಹಿಡಿತಕ್ಕಿಂತ ಆರಾಮಕ್ಕೆ ಮಾಡಿದ್ದು) ಹಾಕುತ್ತಾರೆ. ನನಗೆ 370 ಎನ್‌ಎಂ ಟಾರ್ಕ್ ಇರುವ ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಅದು ಸರಿ ಕಾಣಲ್ಲ. ಒದ್ದೆಯಲ್ಲಿ ಸೆಕೆಂಡ್ ಗೇರಲ್ಲೂ ಚಕ್ರ ಸುಮ್ಮನೆ ತಿರುಗುತ್ತೆ.

ಇವನ್ನು ಸಮ್ಮರ್ ಟೈರ್ ಅಂತ ಕರೆಯುತ್ತಾರೆ, ಹೆಸರು ಕೇಳಿ ಮಳೆಗೆ ಆಗಲ್ಲ ಅಂದುಕೊಳ್ಳಬೇಡಿ. ಚಳಿ 7 ಡಿಗ್ರಿಗಿಂತ ಕೆಳಗೆ ಇಳಿದರೆ ಮಾತ್ರ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆ ಆಗೋದು. ಅದು ನಮ್ಮ ಚಿಂತೆ ಅಲ್ಲ.

ಶಿರಾಡಿ ಸವಾರ:
ಥ್ಯಾಂಕ್ಸ್. ಸೈಜ್ ಬದಲಿಸಲ್ಲ, ಅಲೈನ್‌ಮೆಂಟ್ ಮೊದಲು, ಬೇರಿಂಗ್ ಆಮೇಲೆ ನೋಡೋಣ. ಒಂದು ಅಂಗಡಿಯಲ್ಲಿ ಪೈಲಟ್ ಸ್ಪೋರ್ಟ್ ಎರಡೇ ಇದೆ, ಉಳಿದೆರಡು ಯಾವಾಗ ಬರುತ್ತೆ ಗೊತ್ತಿಲ್ಲ ಅಂದರು. ಎರಡು ಈಗ ಹಾಕಿಸಿ ಎರಡು ಆಮೇಲೆ ಹಾಕಿಸಬಹುದಾ? ಇನ್ನೊಂದು ಅಂಗಡಿಯಲ್ಲಿ ಬೇರೆ ಬ್ರ್ಯಾಂಡ್, 88ಡಬ್ಲ್ಯೂ ಅಂತ ಇದೆ, ನನ್ನ ಹಳೆಯದರಲ್ಲಿ 92ವೈ ಇದೆ. ಪರವಾಗಿಲ್ವಾ?

ಬೋಲ್ಟು ನಟ್ಟು:
88 ಬೇಡ. ಅದು ಒಂದು ಟೈರ್ ಹೊರುವ ಭಾರ: 88 ಅಂದರೆ 560 ಕೆಜಿ, 92 ಅಂದರೆ 630. ಜೊತೆಗೆ ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರುವ ಟೈರ್, ಅಂತ ಇರಬೇಕು. ಡಬ್ಲ್ಯೂ 270 ಕಿಮೀ ವೇಗಕ್ಕೆ, ವೈ 300ಕ್ಕೆ. ವೇಗದ ಅಕ್ಷರ ನಮ್ಮ ರಸ್ತೆಯಲ್ಲಿ ಯಾರೂ ಮುಟ್ಟಲ್ಲ, ಆದರೆ ಭಾರದ ಅಂಕಿ ಗುಂಡಿಗೆ ಬಿದ್ದಾಗ ಲೆಕ್ಕಕ್ಕೆ ಬರುತ್ತೆ.

ಎರಡೆರಡು ಹಾಕೋದಾದರೆ ಹೊಸದು ಹಿಂದಕ್ಕೆ. ಇದನ್ನು ಹೇಳಿದರೆ ಎಲ್ಲರೂ ಜಗಳಕ್ಕೆ ಬರುತ್ತಾರೆ, ಡ್ರೈವ್ ಇರೋದು ಮುಂದಲ್ವಾ ಅಂತ. ಮುಂದೆ ಜಾರಿದರೆ ಆಕ್ಸಿಲರೇಟರಿಂದ ಕಾಲು ತೆಗೆದಾಗ ಗಾಡಿ ಮಾತು ಕೇಳುತ್ತೆ, ಹಿಂದೆ ಜಾರಿದರೆ ಘಾಟಿ ತಿರುವಲ್ಲಿ ಏನೂ ಮಾಡೋಕೆ ಆಗಲ್ಲ. ಆದರೆ ನಿಮ್ಮ ಹತ್ತಿರ ಮುಂದಕ್ಕೆ ಹಾಕೋಕೆ ಒಳ್ಳೆಯ ಜೋಡಿಯೇ ಇಲ್ಲ. ಅಲ್ಲದೆ ಆರ್‌ಎಸ್ 245ರಲ್ಲಿ ಮುಂದೆ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಲಾಕ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ವ್ಯವಸ್ಥೆ) ಇದೆ, ಎಡಕ್ಕೊಂದು ಬಲಕ್ಕೊಂದು ಸವೆತದ ಟೈರ್ ಅದಕ್ಕೆ ಒಳ್ಳೇದಲ್ಲ. ನಾಲ್ಕೂ ಒಂದೇ ಮಾಡೆಲ್ ಸಿಗುವ ತನಕ ಕಾಯಿರಿ. 2020ರ ಜೂನಲ್ಲಿ ಟೈರ್ ಆಮದಿಗೆ ನಿರ್ಬಂಧ ಬಂದ ಮೇಲೆ ಈ ಸೈಜುಗಳ ಸ್ಟಾಕ್ ಹೀಗೇ, ಇವತ್ತು ಇದ್ದರೆ ನಾಳೆ ಇಲ್ಲ. ಅಲ್ಲಿಯವರೆಗೆ ಸ್ಟೆಪ್ನಿ ಹಾಕ್ಕೊಂಡು ಊರೊಳಗೆ ನಿಧಾನ ಓಡಿಸಿ.

ಹೊಸದು ಬಂದಾಗ ನಾಲ್ಕರ ತಯಾರಿ ವಾರವನ್ನೂ ನೋಡಿ, ಎರಡು ವರ್ಷ ಗೋಡೌನಲ್ಲಿ ಕೂತ ಟೈರನ್ನು ಪೂರ್ತಿ ಬೆಲೆಗೆ ತಗೋಬೇಡಿ. ನೈಟ್ರೋಜನ್‌ಗೆ ದುಡ್ಡು ಕೇಳಿದರೆ ಬೇಡ ಅನ್ನಿ, ಸಾದಾ ಗಾಳಿಯಲ್ಲೇ ಶೇಕಡಾ 78 ಅದೇ ಇದೆ. ಪ್ರೆಶರ್ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕರಲ್ಲಿದೆ, ಟೈರ್ ತಣ್ಣಗಿದ್ದಾಗ ನೋಡಿ. ಚಕ್ರದ ಬೋಲ್ಟ್ 120 ಎನ್‌ಎಂ, ಗನ್ ಹಿಡಿದು ಬಿಗಿಯೋಕೆ ಬಿಡಬೇಡಿ, ಟಾರ್ಕ್ ರೆಂಚ್ ಕೇಳಿ. ಈ ಗಾಡಿಯ ಪ್ರೆಶರ್ ಎಚ್ಚರಿಕೆ ಬರೋದು ಎಬಿಎಸ್ ಬ್ರೇಕಿನ ಸೆನ್ಸರ್ ಅಳೆಯುವ ಚಕ್ರದ ವೇಗದಿಂದ, ಹಾಗಾಗಿ ಸ್ಕ್ರೀನಲ್ಲಿ ಹೋಗಿ ರೀಸೆಟ್ ಮಾಡದಿದ್ದರೆ ಸುಮ್ನೆ ದೀಪ ಹತ್ತುತ್ತೆ. ಮೊದಲ ಇನ್ನೂರು ಮುನ್ನೂರು ಕಿಮೀ ಮೇಲಿನ ಪದರ ಜಾರುತ್ತೆ, ಮಳೆ ಇದ್ದರೆ ಘಾಟಿಗೆ ಆಮೇಲೆ ಹೋಗಿ. ಅಷ್ಟಾದ ಮೇಲೂ ಗುಂಯ್ ಶಬ್ದ ಉಳಿದಿದ್ದರೆ ಆಗ ಬೇರಿಂಗ್ ಮಾತಾಡೋಣ.