ಮೊಡವೆ ಜೆಲ್ಲು: ‘ಲೇಪಿಸಿ’ಯೋ ‘ಸವರಿ’ಯೋ? ‘ಪರ್ಜಿಂಗ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚರ್ಮದ ಡಾಕ್ಟರಾಗಿರುವ ಗೆಳತಿಯೊಬ್ಬಳು ತನ್ನ ರೋಗಿಗಳಿಗೆ ಕೊಡಲು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡು ಎಂದಿದ್ದಾಳೆ. ಮೊಡವೆಗೆ ಕೊಡುವ ಅಡಾಪಲೀನ್ 0.1% ಜೆಲ್ ಬಗ್ಗೆ. ಒಂದು ಪುಟ ತಾನೆ ಅಂತ ಒಪ್ಪಿಕೊಂಡೆ. ಎರಡನೇ ಸಾಲಿಗೇ ಸಿಕ್ಕಿಬಿದ್ದೆ.

ಅವಳ ಹತ್ತಿರ ಇದ್ದ ಹಳೆಯ ಚೀಟಿಯಲ್ಲಿ ‘ಬಟಾಣಿ ಗಾತ್ರದ ಜೆಲ್ಲನ್ನು ಮೊಡವೆಗೆ ಲೇಪಿಸಿ’ ಎಂದಿದೆ. ನಮ್ಮ ಅಕ್ಕನ ಮಗಳು ಹಿಂದೊಮ್ಮೆ ಇಂಥದ್ದೇ ಸಾಲು ಓದಿ ಒಂದೊಂದು ಮೊಡವೆಗೂ ಒಂದೊಂದು ಬಟಾಣಿ ಲೆಕ್ಕ ಹಾಕಿದ್ದಳು. ಮುಲ್ತಾನಿ ಮಿಟ್ಟಿ ಥರ ಮೆತ್ತಿಕೊಂಡಿದ್ದಳು. ನಾಲ್ಕೇ ದಿನಕ್ಕೆ ಮುಖ ಕೆಂಪಾಯಿತು, ನೀರು ಸೋಕಿದರೂ ಉರಿ. ಅವಳನ್ನು ಬೈದು ಏನು ಪ್ರಯೋಜನ? ಲೇಪ ಅಂದರೆ ನಮಗೆ ಗಂಧದ ಲೇಪವೇ ನೆನಪಾಗುವುದು, ದಪ್ಪಗೆ ಇರಬೇಕು. ‘ಬಳಿ’ ಅಂದರೆ ಗೋಡೆಗೆ ಸುಣ್ಣ. ‘ತಿಕ್ಕು’ ಅಂತೂ ಪಾತ್ರೆಗೇ ಇರಲಿ. ನನಗೆ ‘ತೆಳ್ಳಗೆ ಸವರಿ’ ಸರಿ ಅನ್ನಿಸುತ್ತದೆ. ಮರದ ಕೊಂಬೆ ಸವರುವ ಅರ್ಥ ಇಲ್ಲಿ ಯಾರಿಗೂ ಅಡ್ಡ ಬರಲಾರದು, ಅಲ್ವಾ?

ಇನ್ನು ‘ಮೊಡವೆಗೆ’. ಆ ‘ಗೆ’ಯೇ ಇಲ್ಲಿ ಕಿತಾಪತಿ. ಈ ಮದ್ದು ಎದ್ದ ಮೊಡವೆಯನ್ನು ಒಣಗಿಸುವುದಕ್ಕಿಂತ ಹೆಚ್ಚಾಗಿ, ಚರ್ಮದ ಸಣ್ಣ ರಂಧ್ರಗಳು ಕಟ್ಟಿಕೊಂಡು ಹೊಸ ಮೊಡವೆ ಏಳದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಗುಳ್ಳೆಯ ಮೇಲೆ ಚುಕ್ಕಿ ಇಟ್ಟರೆ ಸಾಲದು, ಮೊಡವೆ ಏಳುವ ಜಾಗಕ್ಕೆಲ್ಲ ಹಚ್ಚಬೇಕು. ನಾನು ಹೀಗೆ ಬದಲಿಸಿದ್ದೇನೆ: ‘ಇಡೀ ಮುಖಕ್ಕೆ ಸೇರಿ ಒಂದೇ ಒಂದು ಬಟಾಣಿ ಕಾಳಿನಷ್ಟು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಸವರಿ. ಕಣ್ಣಿನ ಸುತ್ತ, ತುಟಿ, ಮೂಗಿನ ಅಂಚು ಬಿಡಿ.’ ಹುಣಸೆಹಣ್ಣಿಗೆ ‘ನಿಂಬೆ ಗಾತ್ರ’ ಅನ್ನುವ ನಾವು ಬಟಾಣಿಯನ್ನು ಸುಲಭವಾಗಿ ಒಪ್ಪುತ್ತೇವೆ. ಆದರೆ ಹಸಿಯದೋ ಒಣಗಿದ್ದೋ ಎಂದು ಗೆಳತಿಯ ನರ್ಸ್ ಕೇಳಿದರಂತೆ! ‘ಕಡಲೆ ಕಾಳು’ ಅಂದರೆ ಗೊಂದಲ ಕಮ್ಮಿಯೇ?

‘ಚರ್ಮ ಸುಲಿಯಬಹುದು’ ಎಂಬ ಸಾಲನ್ನು ಹೊಡೆದುಹಾಕಿದೆ. ಚರ್ಮ ಸುಲಿಯುವುದು ಅಂದರೆ ಬೈಗುಳ. ‘ಸಿಪ್ಪೆ ಎದ್ದ ಹಾಗೆ ಆಗಬಹುದು’ ಎಂದು ಬರೆದೆ. ಮೊದಲ ಕೆಲವು ವಾರ ಅದು ಮಾಮೂಲು. ಅದಕ್ಕೇ ಶುರುವಿನಲ್ಲಿ ಒಂದು ದಿನ ಬಿಟ್ಟು ಒಂದು ದಿನ ಹಚ್ಚಿ, ಜೊತೆಗೆ ಮಾಯಿಶ್ಚರೈಸರ್ ಬಳಸಿ ಎನ್ನುತ್ತಾರೆ. ‘ಚುರುಚುರು’ ಅಂದರೆ ತಡೆದುಕೊಳ್ಳಬಹುದು, ‘ಉರಿ’ ಅಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಈ ಎರಡು ಪದ ನಮ್ಮಲ್ಲಿ ಇರುವುದು ಎಷ್ಟು ಅನುಕೂಲ ನೋಡಿ. ಹಗಲು ಸನ್‌ಸ್ಕ್ರೀನ್ ಹಚ್ಚಿ, ಬಸುರಿಯರು ಮತ್ತು ಮಗುವಿಗೆ ಪ್ರಯತ್ನಿಸುತ್ತಿರುವವರು ಬಳಸಬೇಡಿ ಎಂಬ ಸಾಲುಗಳಲ್ಲಿ ತೊಡಕೇನೂ ಇಲ್ಲ.

ಪೂರ್ತಿ ಸೋತಿದ್ದು ‘ಪರ್ಜಿಂಗ್’ ಮುಂದೆ. ಹಚ್ಚಲು ಶುರುಮಾಡಿದ ಮೊದಲ ವಾರಗಳಲ್ಲಿ ಕೆಲವರಿಗೆ ಮೊಡವೆ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ. ಹುಡುಗ ಹುಡುಗಿಯರು ಇದಕ್ಕೇ ಹೆದರಿ ಟ್ಯೂಬ್ ಎಸೆಯುತ್ತಾರೆ. ಗುಣ ಕಾಣಲು 8ರಿಂದ 12 ವಾರ ಬೇಕು, ಇವರು ಮೂರನೇ ವಾರಕ್ಕೇ ಕೈಬಿಟ್ಟಿರುತ್ತಾರೆ. ಆದ್ದರಿಂದ ಚೀಟಿಯಲ್ಲಿ ಇದಕ್ಕೊಂದು ಪದ ಬೇಕೇ ಬೇಕು. ನಿಘಂಟು ನೋಡಿದರೆ ‘ಭೇದಿ’, ‘ವಿರೇಚನ’. ಮುಖಕ್ಕೆ ಭೇದಿ ಎಂದು ಬರೆದರೆ ಗೆಳತಿ ನನ್ನನ್ನು ಸುಮ್ನೆ ಬಿಡುವುದಿಲ್ಲ. ‘ಉಲ್ಬಣ’ ಅಂದರೆ ಕಾಯಿಲೆಯೇ ಕೈಮೀರಿದ ಹಾಗೆ ಕೇಳುತ್ತದೆ. ‘ಮೊಡವೆ ಕೆರಳುವುದು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಆದರೆ ಅದರಲ್ಲಿ ‘ಒಳಗಿದ್ದದ್ದು ಹೊರಗೆ ಬರುತ್ತಿದೆ, ಆಮೇಲೆ ತಗ್ಗುತ್ತದೆ’ ಎಂಬ ಭಾವ ಬರುವುದಿಲ್ಲ.

ಧಾರವಾಡದ ಕಡೆಯವರು, ಮಂಗಳೂರಿನವರು, ನಿಮ್ಮ ಮನೆಗಳಲ್ಲಿ ಹೀಗೆ ಒಮ್ಮೆ ಜಾಸ್ತಿಯಾಗಿ ಆಮೇಲೆ ಇಳಿಯುವುದಕ್ಕೆ ಏನನ್ನುತ್ತಾರೆ? ಗಾಯಕ್ಕೋ ಕುರುವಿಗೋ ಬಳಸುವ ಮಾತಾದರೂ ಪರವಾಗಿಲ್ಲ, ತಿಳಿಸಿ. ಚೀಟಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.