ಹಳೇ ಜಿಪ್ಸಿಯ ಹೆಡ್‌ಲೈಟ್ ಮಂಕು: ಬಲ್ಬ್ ಬದಲಿಸಬೇಕಾ, ವೈರಿಂಗಾ, ಇಡೀ ಯೂನಿಟ್ಟೇನಾ?

ಚಾರ್ಮಾಡಿ_ಕಿಂಗ್:

ಗಾಡಿ 2008ರ ಜಿಪ್ಸಿ ಕಿಂಗ್. 7 ಇಂಚಿನ ದುಂಡು ಹೆಡ್‌ಲೈಟ್, ಗಾಜಿನ ಮುಖ, ಎಚ್4 ಬಲ್ಬ್ (ಡಿಮ್, ಬ್ರೈಟ್ ಎರಡೂ ಒಂದೇ ಬಲ್ಬಿನಲ್ಲಿ). ರಾತ್ರಿ ಓಡಾಟವೆಲ್ಲ ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆ ಕಡೆ. ಮಳೆಗಾಲದಲ್ಲಿ ಘಾಟಿಯಲ್ಲಿ ಡಿಮ್ ಹಾಕಿದರೆ ರಸ್ತೆ ಅಂಚಿನ ಬಿಳಿ ಗೆರೆಯೂ ಸರಿಯಾಗಿ ಕಾಣುವುದಿಲ್ಲ. ಒದ್ದೆ ಟಾರು ಬೆಳಕನ್ನೆಲ್ಲ ನುಂಗಿಬಿಡುತ್ತದೆ.

ಮಲ್ಟಿಮೀಟರ್ ಹಿಡಿದು ನೋಡಿದ ಅಳತೆ ಹೀಗಿದೆ. ಇಂಜಿನ್ ಓಡುತ್ತಿದ್ದು ಲೋ ಬೀಮ್ (ಡಿಮ್) ಹಾಕಿದಾಗ ಬ್ಯಾಟರಿ ಮೇಲೆ 14.0 ವೋಲ್ಟ್. ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರ್ ಹಿಂಭಾಗದಲ್ಲಿ ಎಡಗಡೆ 11.6, ಬಲಗಡೆ 11.8. ಎಡಗಡೆ ಹೋಲ್ಡರ್ ಪ್ಲಾಸ್ಟಿಕ್ ಕಂದು ತಿರುಗಿದೆ, ಒಂದು ಮೂಲೆ ಕರಗಿ ಟರ್ಮಿನಲ್ ಹೊರಗೆ ಇಣುಕುತ್ತಿದೆ. ಈಗ ಇರುವುದು 60/55 ವ್ಯಾಟ್ (ಹೈ ಬೀಮ್ 60, ಲೋ ಬೀಮ್ 55). ಮೊದಲು 100/90 ಇತ್ತು.

ಅಂಗಡಿಗಳಲ್ಲಿ ಮೂರು ದಾರಿ ಹೇಳುತ್ತಿದ್ದಾರೆ: ಮತ್ತೆ 100/90 ಹಾಕುವುದು, ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಚುಚ್ಚುವುದು, ಇಲ್ಲ ದುಂಡನೆಯ ಎಲ್‌ಇಡಿ ಯೂನಿಟ್ ಪೂರ್ತಿ ಕೂರಿಸುವುದು. ಯಾವುದು ಸರಿ?

ರಿಲೇ_ರಾಯರು:

ಸರ್, ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಬ್ಯಾಟರಿಯಿಂದ ಬಲ್ಬ್ ಮುಟ್ಟುವಷ್ಟರಲ್ಲಿ 2.4 ವೋಲ್ಟ್ ಕಳೆದುಹೋಗುತ್ತಿದೆ. ಮೊದಲು ಅದನ್ನು ವಾಪಸ್ ತನ್ನಿ, ಬಲ್ಬಿನ ಮಾತು ಆಮೇಲೆ.

ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್ ಜೊತೆ ಸಮಸಮ ಇಳಿಯುವುದಿಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. ಎಚ್4 ಬಲ್ಬಿಗೆ 13.2 ವೋಲ್ಟಿನಲ್ಲಿ ಲೋ ಬೀಮ್ 1000 ಲೂಮೆನ್, ಹೈ ಬೀಮ್ 1650 ಲೂಮೆನ್ ಅಂತ ಲೆಕ್ಕ. 11.6ರಲ್ಲಿ ನಿಮ್ಮ ಲೋ ಬೀಮ್ 650ರ ಹತ್ತಿರ ಬಂದು ನಿಂತಿದೆ. ಅದೇ ಬಲ್ಬಿಗೆ 13.6 ಕೊಟ್ಟರೆ 1100ರ ಆಸುಪಾಸು, ಅಂದರೆ ಈಗಿನ 1.7 ಪಟ್ಟು. ಹೊಸ ಬಲ್ಬಿಗೆ ಒಂದು ರೂಪಾಯಿ ಖರ್ಚಿಲ್ಲದೆ.

100/90 ಯಾಕೆ ಬೇಡ ಅಂದರೆ, 55 ವ್ಯಾಟ್ ಬಲ್ಬ್ ಸುಮಾರು 4.6 ಆಂಪ್ ಎಳೆಯುತ್ತದೆ, 90 ವ್ಯಾಟ್ 7.5 ಆಂಪ್. ಅದೇ ಸಣಕಲು ವೈರಿನಲ್ಲಿ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೋಲ್ಡರಿನ ಸಂಪರ್ಕದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಕಾವು. ನಿಮ್ಮ ಎಡ ಹೋಲ್ಡರ್ ಕರಗಿದ್ದು ಹಾಗೇ. ಒಮ್ಮೆ ಕಾವಿಗೆ ಸಿಕ್ಕ ಹಿತ್ತಾಳೆ ಟರ್ಮಿನಲ್ ಬಿಗಿ ಕಳೆದುಕೊಳ್ಳುತ್ತದೆ. ಆಮೇಲೆ 55 ವ್ಯಾಟ್ ಹಾಕಿದರೂ ಸಂಪರ್ಕ ಸಡಿಲವಾಗಿಯೇ ಇರುತ್ತದೆ.

ಬೇಕಾದ ಸಾಮಾನು: 12 ವೋಲ್ಟಿನ 30 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಎರಡು, ಅವಕ್ಕೆ ಬೇಸ್, ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು ಮತ್ತು 15 ಆಂಪ್ ಫ್ಯೂಸ್, ಸೆರಾಮಿಕ್ ಎಚ್4 ಹೋಲ್ಡರ್ ಎರಡು, ಹಳೇ ಹೋಲ್ಡರಿನೊಳಗೆ ಚುಚ್ಚಲು ಎಚ್4 ಗಂಡು ಪ್ಲಗ್ ಒಂದು. ವೈರ್ 2.5 ಚದರ ಮಿ.ಮೀ.ನದು 10 ಮೀಟರ್, ರಿಲೇ ಕಾಯಿಲ್‌ಗೆ (ಒಳಗಿನ ಸ್ವಿಚ್ ಎಳೆಯುವ ಸುರುಳಿ) 0.75ರದು 3 ಮೀಟರ್. ಜೊತೆಗೆ ರಿಂಗ್ ಟರ್ಮಿನಲ್, ಹೀಟ್ ಶ್ರಿಂಕ್, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಸ್ಲೀವ್.

ಕೆಲಸ ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಕಡ್ಡಾಯ. ಬಲ್ಬಿನಿಂದ ಹೋಲ್ಡರ್ ಕಳಚಿ, ಲೈಟ್ ಸ್ವಿಚ್ ಹಾಕಿ, ಮೂರೂ ಪಿನ್ನುಗಳನ್ನು ಬಾಡಿ ಅರ್ತ್ (ಬ್ಯಾಟರಿ ನೆಗೆಟಿವ್ ಸೇರಿದ ಗಾಡಿಯ ಲೋಹ) ಜೊತೆ ಅಳೆಯಿರಿ. ಡಿಮ್‌ನಲ್ಲೂ ಬ್ರೈಟ್‌ನಲ್ಲೂ ಒಂದೇ ಪಿನ್ನಿನಲ್ಲಿ 12 ವೋಲ್ಟ್ ಕದಲದೆ ನಿಂತಿದ್ದರೆ ನಿಮ್ಮ ಗಾಡಿಯ ಸ್ವಿಚ್ ಅರ್ತ್ ಕಡೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಡಿಮ್-ಬ್ರೈಟ್ ಮಾಡಿದಾಗ 12 ವೋಲ್ಟ್ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಜಿಗಿದರೆ ಸ್ವಿಚ್ ಪಾಸಿಟಿವ್ ಕಡೆ ಇದೆ. ಸುಜುಕಿ ಮೂಲದ ಹಳೇ ಗಾಡಿಗಳಲ್ಲಿ ಅರ್ತ್ ಕಡೆ ಸ್ವಿಚ್ ಇರುವ ಸಾಧ್ಯತೆಯೇ ಹೆಚ್ಚು ಅಂದುಕೊಂಡು ಹೊರಡಿ. ಮಾರುಕಟ್ಟೆಯ ರೆಡಿಮೇಡ್ ಕಿಟ್‌ಗಳಲ್ಲಿ ಎಷ್ಟೋ ಪಾಸಿಟಿವ್ ಸ್ವಿಚ್‌ಗೆಂದೇ ಮಾಡಿದವು. ಅವುಗಳಲ್ಲಿ ಕಾಯಿಲಿನ ಒಂದು ತುದಿಯನ್ನು ನೇರ ಬಾಡಿಗೆ ಕಟ್ಟಿರುತ್ತಾರೆ. ಅರ್ತ್ ಸ್ವಿಚ್ಚಿನ ಗಾಡಿಗೆ ಅದು ಕೆಲಸ ಮಾಡುವುದಿಲ್ಲ, ಗಾಡಿಯ ಕಾಮನ್ ಪಿನ್ (ಲೋ, ಹೈ ಎರಡಕ್ಕೂ ಸೇರಿದ್ದು) ಬಾಡಿಗೆ ತಾಗಿದರೆ ಫ್ಯೂಸ್ ಹಾರುತ್ತದೆ.

ನೀವೇ ಕಟ್ಟಿದರೆ ಈ ತಲೆನೋವಿಲ್ಲ. ಒಳ್ಳೇ ಸ್ಥಿತಿಯಲ್ಲಿರುವ ಬಲ ಹೋಲ್ಡರಿಗೆ ಗಂಡು ಪ್ಲಗ್ ಚುಚ್ಚಿ. ಕಾಮನ್ ಮತ್ತು ಲೋ ಪಿನ್ ನಡುವೆ ಒಂದು ರಿಲೇಯ 85, 86 (ಕಾಯಿಲಿನ ಎರಡು ಕಾಲು). ಕಾಮನ್ ಮತ್ತು ಹೈ ಪಿನ್ ನಡುವೆ ಇನ್ನೊಂದರ 85, 86. ಒಳಗೆ ಡಯೋಡ್ ಇಲ್ಲದ ಸಾದಾ ರಿಲೇ ಆದರೆ ಯಾವ ತುದಿ ಎಲ್ಲಿಗೆ ಅನ್ನುವುದು ಮುಖ್ಯವಲ್ಲ. ಹಳೇ ವೈರಿನಲ್ಲಿ ಇನ್ನು ಹರಿಯುವುದು ಕಾಯಿಲಿನ 0.15 ಆಂಪ್ ಅಷ್ಟೇ, ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೂ ನೆಮ್ಮದಿ. ಕಂಪನಿ ವೈರಿಂಗ್ ಒಂದಿಂಚೂ ಕತ್ತರಿಸಬೇಕಿಲ್ಲ.

ಬ್ಯಾಟರಿ ನೆಗೆಟಿವ್ ಕಳಚಿ. ಪಾಸಿಟಿವ್‌ನಿಂದ ಎರಡು 2.5ರ ವೈರ್, ಬ್ಯಾಟರಿಯಿಂದ ಗೇಣುದ್ದದೊಳಗೇ ಒಂದೊಂದಕ್ಕೂ ಫ್ಯೂಸ್, ಅಲ್ಲಿಂದ ಎರಡು ರಿಲೇಗಳ 30ಕ್ಕೆ (ಕರೆಂಟ್ ಒಳಬರುವ ಕಾಲು). ಲೋಗೆ, ಹೈಗೆ ಬೇರೆ ಬೇರೆ ಫ್ಯೂಸ್ ಇದ್ದರೆ ಘಾಟಿ ನಡುವೆ ಒಂದು ಹೋದರೂ ಇನ್ನೊಂದು ಕೈ ಹಿಡಿಯುತ್ತದೆ. 87ರಿಂದ (ಕರೆಂಟ್ ಹೊರಹೋಗುವ ಕಾಲು) ಎರಡೂ ಬಲ್ಬಿಗೆ. ಬಲ್ಬಿನ ಕಾಮನ್ ಪಿನ್ ಈಗ ಅರ್ತ್. ಅದಕ್ಕೂ 2.5ರ ವೈರನ್ನೇ ಹಾಕಿ, ಬಣ್ಣ ಕೆರೆದು ಬಿಳಿ ಲೋಹ ಕಂಡ ಜಾಗಕ್ಕೆ ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಹಚ್ಚಿ. ತುಕ್ಕು ಇದ್ದರೆ ನೇರ ಬ್ಯಾಟರಿ ನೆಗೆಟಿವ್‌ಗೇ ಎಳೆಯಿರಿ. ರಿಲೇಗಳ ಕಾಲು ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಬೇಸಿನಲ್ಲೇ ನಿಂತು ಹಸಿರು ಕಿಲುಬು ಹಿಡಿಯುತ್ತದೆ. ವೈರ್ ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಎಳೆಯಿರಿ.

ಮುಗಿದ ಮೇಲೆ ಬಲ್ಬ್ ಉರಿಯುತ್ತಿರುವಾಗ ಅಳೆದರೆ ಬ್ಯಾಟರಿಗೂ ಬಲ್ಬಿಗೂ ನಡುವೆ 0.4 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಪಾಸಿಟಿವ್ ಕಡೆ ಎಷ್ಟು, ಅರ್ತ್ ಕಡೆ ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. ಕಳ್ಳ ಅಲ್ಲೇ ಸಿಗುತ್ತಾನೆ.

ಗಾಜು_ಕನ್ನಡಿ:

ವೈರಿಂಗ್ ಬಗ್ಗೆ ರಾಯರು ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಎಲ್‌ಇಡಿ ಬಲ್ಬಿನ ಬಗ್ಗೆ ಮಾತ್ರ ಖಡಾಖಂಡಿತ ಹೇಳುತ್ತೇನೆ, ಹಾಕಬೇಡಿ.

ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಎರಡು ಫಿಲಮೆಂಟ್. ಮುಂದಿನದರ ಕೆಳಗೆ ಚಮಚದ ಹಾಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಅದೇ ಲೋ ಬೀಮ್. ಬಟ್ಟಲು ಕೆಳಗಿನ ಬೆಳಕನ್ನು ತಡೆಯುವುದರಿಂದ ಬೆಳಕು ಬೀಳುವುದು ಹೆಚ್ಚುಕಡಿಮೆ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ, ಅಲ್ಲಿಂದ ಅದು ರಸ್ತೆಗೆ ಇಳಿಯುತ್ತದೆ. ಬಟ್ಟಲಿನ ಒಂದು ಅಂಚು 15 ಡಿಗ್ರಿ ಓರೆ. ಎಡಗಡೆ ರಸ್ತೆ ಅಂಚಿಗೆ ಬೆಳಕು ಏರುವುದು ಆ ಓರೆಯಿಂದ. ಈ ಅಳತೆ ಮಿಲಿಮೀಟರ್ ತಪ್ಪಿದರೂ ಬೆಳಕು ಚೆದುರುತ್ತದೆ. ಎಲ್‌ಇಡಿ ಬಲ್ಬಿನ ಚಿಪ್ ಚಪ್ಪಟೆ, ಎರಡು ಪಕ್ಕಕ್ಕೆ ಮಾತ್ರ ಬೆಳಕು ಕೊಡುತ್ತದೆ, ಜಾಗವೂ ಕರಾರುವಾಕ್ಕಾಗಿ ಕೂರುವುದಿಲ್ಲ. ಗಾಡಿ ಮುಂದಿನ 10 ಮೀಟರ್ ಹಾಲು ಚೆಲ್ಲಿದ ಹಾಗೆ ಬೆಳಗುತ್ತದೆ. ಕಣ್ಣು ಅದಕ್ಕೆ ಒಗ್ಗಿ ದೂರದ್ದು ಇನ್ನೂ ಕತ್ತಲಾಗುತ್ತದೆ. ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಕಣ್ಣಿಗೆ ನೇರ ರಾಚುತ್ತದೆ. ಚಾರ್ಮಾಡಿ ತಿರುವಿನಲ್ಲಿ ಎದುರಿನವರಿಗೆ ಎರಡು ಕ್ಷಣ ಕಣ್ಣು ಕಾಣದಿದ್ದರೆ ಅವರು ಬರುವುದು ನಿಮ್ಮ ಕಡೆಗೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವೂ ಬೆಳಕು ಕಣ್ಣಿಗೆ ರಾಚದಂತೆ ಕೆಳಕ್ಕೆ ಬಾಗಿರಬೇಕು ಅನ್ನುತ್ತದೆ.

ಇಡೀ ಎಲ್‌ಇಡಿ ಯೂನಿಟ್ ಬೇರೆ ಮಾತು, ಅದರ ಕನ್ನಡಿ ಎಲ್‌ಇಡಿ ಚಿಪ್‌ಗೆಂದೇ ಮಾಡಿದ್ದು. ಆದರೆ ಗಾಜಿನ ಮೇಲಿನ ಗುರುತು ಓದದೆ ಕೊಳ್ಳಬೇಡಿ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರಬೇಕು. ದೀಪದ ಎದುರು ನಿಂತು ನೋಡಿದಾಗ ನಿಮ್ಮ ಬಲಕ್ಕೆ ತೋರಿಸುವ ಬಾಣದ ಗುರುತು ಇದ್ದರೆ ಅದು ರಸ್ತೆಯ ಎಡಬದಿಯಲ್ಲಿ ಓಡಿಸುವ ನಮ್ಮಂಥ ದೇಶಕ್ಕೆ. ಎರಡೂ ಕಡೆ ಬಾಣ ಇದ್ದರೆ ಎರಡಕ್ಕೂ ಹೊಂದಿಸಬಹುದು. ಇ ಗುರುತಿದ್ದು ಬಾಣವೇ ಇಲ್ಲದಿದ್ದರೆ ಬಲಬದಿ ಓಡಿಸುವ ದೇಶದ್ದು, ಅದರ ಏರುಬೆಳಕು ಎದುರಿನವರ ಮುಖಕ್ಕೇ ಹೋಗುತ್ತದೆ. ಅಮೆರಿಕದ ಜೀಪುಗಳಿಗೆಂದು ಮಾಡಿದ 7 ಇಂಚಿನ ಯೂನಿಟ್‌ಗಳಲ್ಲೂ ಇದೇ ತೊಂದರೆ. ಇನ್ನೊಂದು, ಎಲ್‌ಇಡಿಗೆ ಪ್ಲಸ್-ಮೈನಸ್ ಮುಖ್ಯ. ಅರ್ತ್ ಸ್ವಿಚ್ಚಿನ ಹಳೇ ಹೋಲ್ಡರಿಗೆ ನೇರ ಚುಚ್ಚಿದರೆ ಹತ್ತುವುದೇ ಇಲ್ಲ, ಇಲ್ಲ ಎರಡೂ ಬೀಮ್ ಅರೆಬರೆ ಹತ್ತುತ್ತವೆ. ಆದ್ದರಿಂದ ಆ ದಾರಿಗೂ ರಿಲೇ ವೈರಿಂಗೇ ಮೊದಲು.

ನಿಮ್ಮ ಬಳಕೆಗೆ ಹೊಸ ಗಾಜಿನ ಎಚ್4 ಯೂನಿಟ್ ಮತ್ತು ಒಳ್ಳೇ ಕಂಪನಿಯ 60/55 ಬಲ್ಬ್ ಸಾಕು. ಹಗಲಿನಲ್ಲಿ ಈಗಿನ ಯೂನಿಟ್ ಒಳಗೆ ಇಣುಕಿ. ರಿಫ್ಲೆಕ್ಟರಿನಲ್ಲಿ ನಿಮ್ಮ ಬೆರಳು ಸ್ಪಷ್ಟ ಕಾಣಬೇಕು. ಹಾಲಿನ ಪೊರೆ ಕಟ್ಟಿದ ಹಾಗಿದ್ದರೆ ಯೂನಿಟ್ ಬದಲಿಸಿ, ಒರೆಸಲು ಹೋಗಬೇಡಿ. ಆ ಅಲ್ಯೂಮಿನಿಯಂ ಲೇಪ ಬಟ್ಟೆಯಲ್ಲೇ ಎದ್ದು ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 7 ಇಂಚಿನದು ಸುಲಭವಾಗಿ ಸಿಗುತ್ತದೆ. ನೀಲಿ ಬಳಿದ ಬಲ್ಬ್ ಬೇಡ, ಆ ಬಣ್ಣ ಬೆಳಕನ್ನು ಕುಡಿಯುತ್ತದೆ. ಹಿಂದಿನ ರಬ್ಬರ್ ಬೂಟ್ ಹರಿದಿದ್ದರೆ ಹೊಸದು ಹಾಕಿ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಹೊಸ ರಿಫ್ಲೆಕ್ಟರೂ ಹಾಳಾಗಬಹುದು.

ಚಾರ್ಮಾಡಿ_ಕಿಂಗ್:

ಇಬ್ಬರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ, ಒಂದು ಪಿನ್ನಿನಲ್ಲಿ 12 ವೋಲ್ಟ್ ಕದಲದೆ ನಿಂತಿದೆ, ಅಂದರೆ ಅರ್ತ್ ಸ್ವಿಚ್. ರಿಫ್ಲೆಕ್ಟರ್ ಪೊರೆ ಕಟ್ಟಿದೆ, ಯೂನಿಟ್ ಬದಲಿಸುತ್ತೇನೆ. ಎರಡು ಪ್ರಶ್ನೆ: ಬಲ್ಬಿನ ಮೂರು ಕಾಲಿನಲ್ಲಿ ಯಾವುದು ಯಾವುದು ಅಂತ ಗುರುತಿಸುವುದು ಹೇಗೆ? ಮಂಜಿಗೆ ಹಳದಿ ಬಲ್ಬ್ ನಿಜಕ್ಕೂ ಉಪಯೋಗವಾ?

ಗೋಡೆ_ಗೆರೆ:

ಕಾಲು ಗುರುತಿಸಲು ಬಲ್ಬಿಗೆ ನೇರ 12 ವೋಲ್ಟ್ ಕೊಡಿ. ಮೇಲೆ ಅಡ್ಡಡ್ಡ ಇರುವ ಕಾಲು ಲೋ ಬೀಮ್, ಅದರಲ್ಲಿ ಅನುಮಾನವಿಲ್ಲ. ಉಳಿದೆರಡು ಲಂಬ ಕಾಲುಗಳಲ್ಲಿ, ಅಡ್ಡ ಕಾಲಿನ ಜೊತೆ ಯಾವುದಕ್ಕೆ ಕೊಟ್ಟಾಗ ಒಂದೇ ಫಿಲಮೆಂಟ್ ಪೂರ್ತಿ ಉರಿಯುತ್ತದೋ ಅದು ಕಾಮನ್. ಎರಡೂ ಫಿಲಮೆಂಟ್ ಮಂದವಾಗಿ ಕೆಂಪಗೆ ಉರಿದರೆ ನೀವು ಹಿಡಿದಿರುವುದು ಹೈ ಬೀಮ್ ಕಾಲು. ಗಾಜನ್ನು ಬೆರಳಿನಿಂದ ಮುಟ್ಟಬೇಡಿ, ಮುಟ್ಟಿದರೆ ಸ್ಪಿರಿಟ್‌ನಲ್ಲಿ ಒರೆಸಿ.

ಮಂಜಿನ ಹನಿ ಬೆಳಕಿನ ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುತ್ತದೆ. ಹಳದಿ ಕೆಲವರ ಕಣ್ಣಿಗೆ ಹಿತ, ಅಷ್ಟೇ. ಕೆಲಸ ಮಾಡುವುದು ಬೆಳಕಿನ ಎತ್ತರ. ಬಂಪರ್ ಮಟ್ಟದಲ್ಲಿ, ಹೆಡ್‌ಲೈಟಿಗಿಂತ ಕೆಳಗೆ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್ ಒಂದು ಜೊತೆ ಹಾಕಿ. ಅದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್. ಹೇರ್‌ಪಿನ್ ತಿರುವಿನ ಒಳಮೂಲೆ ಕಾಣುವುದೂ ಅದರಿಂದಲೇ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದುರಿಗೆ ನಿಂತ ಹಾಗಾಗುತ್ತದೆ.

ಈಗ ಯಾರೂ ಹೇಳದ ವಿಷಯ, ಬೀಮ್ ಹೊಂದಿಸುವುದು. ಯೂನಿಟ್ ಬದಲಿಸಿದ ಮೇಲೆ ಇದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಸಮತಟ್ಟು ನೆಲ, ಗೋಡೆಯಿಂದ ದೀಪಕ್ಕೆ ಸರಿಯಾಗಿ 10 ಮೀಟರ್, ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ನೆಲದಿಂದ ದೀಪದ ನಡುಮಧ್ಯದ ಎತ್ತರ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 15 ಸೆಂ.ಮೀ. ಕೆಳಗೆ ಇರಲಿ. ದೀಪ 85 ಸೆಂ.ಮೀ. ಎತ್ತರದಲ್ಲಿದ್ದರೆ ಅಂಚು ಸುಮಾರು 57 ಮೀಟರ್ ದೂರಕ್ಕೆ ರಸ್ತೆ ಮುಟ್ಟುತ್ತದೆ. 10 ಸೆಂ.ಮೀ. ಇಟ್ಟರೆ 85 ಮೀಟರ್ ಸಿಗುತ್ತದೆ, ಆದರೆ ಜಿಪ್ಸಿಗೆ ಅದು ಬೇಡ. ಹಿಂದೆ ಎರಡು ಮೂಟೆ ಗೊಬ್ಬರ ಹಾಕಿದರೆ ಮೂತಿ ಮೇಲೇಳುತ್ತದೆ. ಯಾವಾಗಲೂ ಹೊರೆ ಇರುವ ಗಾಡಿಯಾದರೆ ಹೊರೆ ಹಾಕಿಯೇ ಹೊಂದಿಸಿ. ಅಂಚಿನ ಓರೆ ಏರುವ ಜಾಗ ದೀಪದ ನೇರಕ್ಕೆ, ಏರಿಕೆ ಎಡಕ್ಕೆ. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ಗೋಣಿ ಮುಚ್ಚಿ.

ಯೂನಿಟ್ ಬಿಚ್ಚುವಾಗ ರಿಂಗ್ ಹಿಡಿದ ಸಣ್ಣ ಸ್ಕ್ರೂಗಳನ್ನು ಮಾತ್ರ ತೆಗೆಯಿರಿ. ಸ್ಪ್ರಿಂಗ್ ಜೊತೆಗಿರುವ ಉದ್ದನೆ ಸ್ಕ್ರೂಗಳು ಬೀಮ್ ಹೊಂದಿಸುವಂಥವು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ಒತ್ತಾಯ ಮಾಡಿದರೆ ಹಿಂದಿನ ಪ್ಲಾಸ್ಟಿಕ್ ನಟ್ ಕಿತ್ತು ಬರುತ್ತದೆ.

ಚಾರ್ಮಾಡಿ_ಕಿಂಗ್:

ವೈರಿಂಗ್ ಮುಗಿಯಿತು. ಬ್ಯಾಟರಿ 14.0, ಎಡ ಬಲ್ಬ್ 13.6, ಬಲ 13.7. ಗೋಡೆ ಮೇಲೆ ಅಂಚು ಚಾಕುವಿನಲ್ಲಿ ಕೊರೆದ ಹಾಗೆ ಬಂದಿದೆ. ಒಂದೇ ಸಮಸ್ಯೆ: ಹೈ ಬೀಮ್ ಹಾಕಿದಾಗ ಮೀಟರಿನ ನೀಲಿ ದೀಪ ಮಿಣುಕು ಮಿಣುಕು, ಹತ್ತಿದ್ದೇ ಗೊತ್ತಾಗುವುದಿಲ್ಲ.

ರಿಲೇ_ರಾಯರು:

ಅರ್ತ್ ಸ್ವಿಚ್ ಇರುವ ಕೆಲವು ಗಾಡಿಗಳಲ್ಲಿ ಆ ನೀಲಿ ದೀಪಕ್ಕೆ ಕರೆಂಟ್ ಬರುವುದು ಆರಿರುವ ಲೋ ಫಿಲಮೆಂಟ್ ಮೂಲಕ. ಫಿಲಮೆಂಟಿನ ತಡೆ ಒಂದು ಓಮ್‌ಗಿಂತ ಕಡಿಮೆ ಇತ್ತು, ಅದರ ಜಾಗದಲ್ಲಿ ಈಗ 80-90 ಓಮ್‌ನ ರಿಲೇ ಕಾಯಿಲ್ ಕೂತಿದೆ, ಹಾಗಾಗಿ ದೀಪ ಮಂಕು. ಹೈ ಬೀಮ್ ಹಾಕಿದಾಗ ಲೋ ರಿಲೇ ಬಿಡದೆ ಹಿಡಿದುಕೊಂಡಿದೆಯಾ ಅಂತಲೂ ನೋಡಿ, ಹಿಡಿದುಕೊಂಡಿದ್ದರೆ ಎರಡೂ ಫಿಲಮೆಂಟ್ ಒಟ್ಟಿಗೆ ಉರಿದು ಬಲ್ಬ್ ಬೇಗ ಹೋಗುತ್ತದೆ. ಮೀಟರ್ ಹಿಂದೆ ಆ ನೀಲಿ ದೀಪದ ಎರಡೂ ವೈರ್ ಬಿಡಿಸಿ, ತುದಿಗಳಿಗೆ ಟೇಪ್ ಹಾಕಿ. ಹೈ ರಿಲೇಯ 87ರಿಂದ 1 ಆಂಪ್ ಫ್ಯೂಸ್ ಹಾಕಿದ 0.75ರ ವೈರ್ ಒಂದನ್ನು ಗ್ರಾಮೆಟ್ (ತೂತಿಗೆ ಹಾಕಿದ ರಬ್ಬರ್ ಬಳೆ) ಮೂಲಕ ಒಳಗೆ ತಂದು ದೀಪದ ಒಂದು ಕಾಲಿಗೆ ಕೊಡಿ, ಇನ್ನೊಂದು ಕಾಲು ಬಾಡಿಗೆ.